ನಾಲಿಗೆ ತೋರಿಸಿ ಬಂದದ್ದು

ಕನ್ನಡಿಯ ಮುಂದೆ ನಿಂತು ಕೂದಲು ನೋಡಿಕೊಳ್ಳದ ಗಂಡಸು ಇರಲಿಕ್ಕಿಲ್ಲ; ಕೂದಲು ಹೋದವರು ಇನ್ನೂ ಹೆಚ್ಚು ಹೊತ್ತು ನೋಡಿಕೊಳ್ಳುತ್ತಾರೆ. ಆದರೆ ನಾಲಿಗೆ ಚಾಚಿ ನೋಡಿಕೊಳ್ಳುವವರು ಎಷ್ಟು ಜನ? ಸಿಂದಗಿಯ ಹೈಸ್ಕೂಲಿನಲ್ಲಿ ಪಾಠ ಹೇಳಿ, ನಾಲಿಗೆಯ ಮೇಲೆಯೇ ಸಂಸಾರ ನಡೆಸಿದ ನಾನೂ ನೋಡಿಕೊಂಡವನಲ್ಲ. ನಿವೃತ್ತಿಯಾದ ಮೇಲೂ ನಾನು ಮಾತು ಬಿಡಲಿಲ್ಲ, ಉಬ್ಬಸ ನನ್ನನ್ನು ಬಿಡಲಿಲ್ಲ. ಡಾಕ್ಟರು ಬಾಯೊಳಗೆ ಎಳೆದುಕೊಳ್ಳುವ ಪಂಪು ಕೊಟ್ಟು, "ಎಳಕೊಂಡ ಮ್ಯಾಲೆ ಬಾಯಿ ಮುಕ್ಕಳಿಸಿ ಉಗುಳ್ರಿ" ಎಂದಿದ್ದರು. ಎಳೆದುಕೊಂಡ ಔಷಧವನ್ನು ಉಗುಳಿದರೆ ಒಳಗೆ ಉಳಿಯುವುದೇನು ಎಂದು ನಾನು ನನ್ನದೇ ಶಾಸ್ತ್ರ ಹೂಡಿ, ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂರುತ್ತಿದ್ದೆ. ಅಷ್ಟು ಹೊತ್ತಿನ ಮೌನಕ್ಕಾಗಿ ನನ್ನ ಹೆಂಡತಿ ಸಾವಿತ್ರಿ ಆ ಡಾಕ್ಟರನ್ನು ಹರಸುತ್ತಿದ್ದಳು.

ಕೆಲವು ವಾರಗಳಲ್ಲಿ ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಒಡೆದ ಹಾಲು ಮೆತ್ತಿದಂತೆ ಬಿಳಿ ಕಟ್ಟಿತು. "ಉಷ್ಣ ಆಗೇತಿ, ಮಜ್ಜಿಗಿ ಕುಡೀರಿ" ಎಂದಳು ಸಾವಿತ್ರಿ. ಕುಡಿದೆ. ಸ್ಟೀಲಿನ ಪಟ್ಟಿಯಿಂದ ಕೆರೆದೆ. ಬಿಳಿ ಹೋದ ಕಡೆ ಕೆಂಪು ಹುಣ್ಣು ಬಂತು. ಶೇಂಗಾ ಚಟ್ನಿ ತಿಂದರೆ ಕಿವಿಯವರೆಗೂ ಉರಿ. ಇಂಥ ಬಾಯಿ ಹೊತ್ತುಕೊಂಡು ಮಗ ಮಂಜುನಾಥನಿಗೆ ಹೆಣ್ಣು ನೋಡಲು ತಾಳಿಕೋಟೆಗೆ ಹೋದೆವು.

ಹುಡುಗಿ ಅಕ್ಷತಾ ಅಲ್ಲಿಯೇ ಹಲ್ಲಿನ ಡಾಕ್ಟರು. ಫೋಟೋ ನೋಡಿಯೇ ಮಗ ಅರ್ಧ ಮದುಮಗನಾಗಿದ್ದ. ನೆನೆಸಿದ ಮಂಡಕ್ಕಿಗೆ ಖಾರದ ಒಗ್ಗರಣೆ ಹಾಕಿದ ಸುಸಲಾ, ಮೇಲೊಂದು ಬಿಸಿ ಮಿರ್ಚಿ ಭಜಿ ಬಂತು. ನಮ್ಮ ಕಡೆ ಹೆಣ್ಣಿನವರ ಮನೆಯಲ್ಲಿ ವರನ ತಂದೆ ತಟ್ಟೆ ಮುಟ್ಟದಿದ್ದರೆ ಅದರ ಅರ್ಥ ಒಂದೇ: ಸಂಬಂಧ ಒಲ್ಲೆ. ಮಗನ ಮುಖ ನೋಡಿ ಗಟ್ಟಿ ಮನಸ್ಸು ಮಾಡಿ ಒಂದು ತುತ್ತು ಬಾಯಿಗೆ ಹಾಕಿದೆ. ಕಣ್ಣಲ್ಲಿ ನೀರು ಬಂತು. ತಟ್ಟೆ ಕೆಳಗಿಟ್ಟೆ.

"ಯಾಕ್ರೀ ಮಾಸ್ತರ, ನಮ್ಮನಿ ಸುಸಲಾ ಸೇರಲಿಲ್ಲೇನ್ರಿ?" ಎಂದರು ಹುಡುಗಿಯ ತಾಯಿ. ಉತ್ತರ ಕೊಡಲು ನಾಲಿಗೆ ಏಳಲಿಲ್ಲ. ಹುಡುಗಿಯ ಸೋದರಮಾವ ಪಕ್ಕದವರಿಗೆ, "ಮನಸಿಲ್ಲ ಅಂತ ಕಾಣ್ತೈತಿ, ಬಿಡ್ರಿ" ಎಂದದ್ದು ಎಲ್ಲರಿಗೂ ಕೇಳಿಸಿತು. ಮಂಜುನಾಥ ಬೆವರತೊಡಗಿದ. ನನಗೆ ನಿಜವಾಗಿಯೂ ಅಳು ಬಂತು.

ಆಗ ಹುಡುಗಿಯೇ ಎದ್ದು ಬಂದು ಮೊಬೈಲಿನ ಬ್ಯಾಟರಿ ಹಚ್ಚಿ, "ಕಾಕಾರ, ಆ ಅನ್ರಿ" ಎಂದಳು. ವರನ ತಂದೆಯ ಗತ್ತು ಎಂಬುದೊಂದಿತ್ತಲ್ಲ, ಅದನ್ನು ಪಕ್ಕಕ್ಕಿಟ್ಟು ಇಡೀ ಬಳಗದ ಎದುರು ಬಾಯಿ ತೆರೆದೆ.

"ಪಂಪು ಹೊಡಕೋತೀರಿ ಹೌದಲ್ರಿ? ಆಮ್ಯಾಲೆ ಬಾಯಿ ಮುಕ್ಕಳಿಸೂದಿಲ್ಲ, ಅದಕ್ಕ ಹಿಂಗಾಗೇತಿ. ಇದು ಉಷ್ಣ ಅಲ್ರಿ, ಫಂಗಸ್. ಉಪ್ಪಿನಕಾಯಿಗೆ ಬೂಸ್ಟು ಹಿಡೀತೈತಲ್ರಿ, ಹಂಗ. ಕೆರೀಬ್ಯಾಡ್ರಿ. ಪಂಪೂ ಬಿಡಬ್ಯಾಡ್ರಿ. ನಿಮ್ಮ ಡಾಕ್ಟರಿಗೆ ತೋರಿಸಿ ಬಾಯಾಗ ಹಾಕೊಳ್ಳೋ ಔಷಧ ತಗೋರಿ, ಆರಾಮ ಆತಂತ ನಡುವ ನಿಲ್ಲಿಸಬ್ಯಾಡ್ರಿ. ಸಕ್ಕರಿ ರೋಗ ಐತೇನು, ಅದನ್ನೂ ತಪಾಸ ಮಾಡಸ್ರಿ."

ಸಂಬಂಧ ಒಲ್ಲೆ ಎಂದವನು ನಾನಲ್ಲ, ನನ್ನ ನಾಲಿಗೆ ಎಂದು ತಿಳಿದು ಎಲ್ಲರೂ ನಕ್ಕರು. ಸೋದರಮಾವ ಹುರುಪಿನಿಂದ, "ಮತ್ತ ಹುಡುಗ ಹೆಂಗದಾನವಾ?" ಎಂದರು.

"ಹುಡುಗನ್ನ ಎಲ್ಲಿ ನೋಡೀನ್ರಿ? ಅವರ ಅಪ್ಪಾರ ನಾಲಿಗಿ ಅಷ್ಟ ನೋಡೀನಿ. ಅದು ಮೊದಲು ಸ್ವಚ್ಛ ಆಗ್ಲಿ, ಆಮ್ಯಾಲೆ ಹೇಳ್ತೇನಿ" ಎಂದು ಒಳಗೆ ಹೋದಳು.

ಅಂದಿನಿಂದ ನಮ್ಮ ಮನೆಯ ರೀತಿಯೇ ಬದಲಾಯಿತು. ನನ್ನ ಮಾತಿಗೆ ಎಂದೂ ಕಿವಿಗೊಡದ ಮಗ, ಪಂಪಿನ ಸದ್ದು ಕೇಳಿದ ಕೂಡಲೇ ನೀರಿನ ತಂಬಿಗೆ ಹಿಡಿದು ಓಡಿ ಬರುತ್ತಿದ್ದ. "ಇನ್ನೊಮ್ಮಿ ಮುಕ್ಕಳಸಪಾ" ಎಂದು ಗದರುತ್ತಿದ್ದ. ಸಾವಿತ್ರಿ ಇದನ್ನೆಲ್ಲ ಫೋನಿನಲ್ಲಿ ತಾಳಿಕೋಟೆಗೆ ವರದಿ ಮಾಡುತ್ತಿದ್ದಳಂತೆ. ಡಾಕ್ಟರು ಕೊಟ್ಟ ಬಾಯಿಯ ಔಷಧವೂ ಮುಗಿದು ನಾಲಿಗೆ ತಿಳಿ ಗುಲಾಬಿಗೆ ತಿರುಗುವ ಹೊತ್ತಿಗೆ ಒಪ್ಪಿಗೆ ಬಂತು. "ಅಪ್ಪ ಉಗುಳೂತನಕ ತಂಬಿಗಿ ಹಿಡಕೊಂಡು ನಿಲ್ಲೋ ಹುಡುಗ ಚೊಲೊನ ಅದಾನ" ಎಂದಳಂತೆ ಅಕ್ಷತಾ.

ಮಗನ ಮದುವೆಗಾಗಿ ನಾನು ಅದೆಷ್ಟು ಮನೆಗಳಲ್ಲಿ ಕೂತು ಅವನ ಗುಣಗಾನ ಮಾಡಿದ್ದೆನೋ! ಯಾವುದೂ ಕೂಡಿಬಂದಿರಲಿಲ್ಲ. ಜೀವಮಾನವಿಡೀ ಮಾತಾಡಿದ ಈ ಬಾಯಿಯಿಂದ ಮನೆಗೆ ಆದ ಒಂದೇ ಉಪಕಾರವೆಂದರೆ, ಉಗುಳಿದ್ದು.