ಗ್ಯಾಸಬತ್ತಿಗೆ ಬಂದವರು

ಎಲ್ಲಕ್ಕೂ ಕಾರಣ ಒಣಹುಲ್ಲಿನ ಬಣ್ಣದ ಒಂದು ಪತಂಗ. ಇಚಲಕರಂಜಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಭೂಪಾಲ, ತನ್ನೂರು ಕೊರೋಚಿಯ ಮಾಳದಲ್ಲಿ ಬಿಳಿ ಧೋತರ ಕಟ್ಟಿ, ಮುಂದೆ ಗ್ಯಾಸಬತ್ತಿ ಇಟ್ಟು ವರ್ಷವಿಡೀ ಕಾದಿದ್ದ. ಬಂದು ಕೂತದ್ದು ಅದೊಂದೇ ಜಾತಿ, ಕಬ್ಬಿನ ಕಾಂಡ ಕೊರೆಯುವ ಹುಳದ್ದು. ಮದುವೆಯ ಊಟಕ್ಕೆ ಊರನ್ನೆಲ್ಲ ಕರೆದರೂ ಕರೆಯದ ಅಳಿಯನೊಬ್ಬನೇ ದಿನಾ ಬಂದು ಉಂಡ ಹಾಗೆ.

ಅವನ ಪಿಎಚ್.ಡಿ. ಗೈಡ್, ಕೊಲ್ಹಾಪುರದ ಸರ್, ಇದನ್ನು ನಂಬಲಿಲ್ಲ. ಒಂದು ಸಂಜೆ ಬಸ್ಸಿಳಿದವರೇ ಗುಡುಗಿದರು: "ಇದ ಮಾಳದಾಗ ನಾ ಎಂಬತ್ತ ಬಗಿ ಪತಂಗ ನೋಡೇನಿ. ನೀ ಮನ್ಯಾಗ ಮಲಗಿ ಬರದಿ!"

"ಸರ್, ಮಾಳ ಎಲ್ಲಿ ಉಳದೈತ್ರಿ? ಅರ್ಧ ಮಗ್ಗದ ಶೆಡ್ಡ, ಅರ್ಧ ಕಬ್ಬ. ಮಿರಗದ ಮಳೀನೂ ವ್ಯಾಳ್ಯಾಕ ಬರವಲ್ದು."

"ಕಾರಣಂ ಸಾಂಗೂ ನಕೋಸ, ನೆವ ಹೇಳಬ್ಯಾಡ! ಇವತ್ತ ಇನ್ನೊಂದ ಜಾತಿ ತೋರಸು. ಇಲ್ಲಾಂದ್ರ ಪಿಎಚ್.ಡಿ.ಗೆ ಕೈ ಮುಗಿ."

ಭೂಪಾಲ ಪಕ್ಕದ ಶೆಡ್ಡಿನ ಮಾಲೀಕ ಕಾಕಾಸಾಹೇಬನ ಬಳಿ ಓಡಿದ. ಅಲ್ಲಿಯ ಟ್ಯೂಬಲೈಟುಗಳ ಮುಂದೆ ಇವನ ಗ್ಯಾಸಬತ್ತಿ ಜಾತ್ರೆಯಲ್ಲಿ ಕಳೆದ ಕೂಸು.

"ಒಂದ ತಾಸ ಲೈಟ ಬಂದ ಮಾಡ್ರಿ, ಕಾಕಾಸಾಹೇಬ."

"ಒಂದ ಹುಳಕ್ಕ ಮಗ್ಗ ನಿಲ್ಲಸ್ಲ್ಯಾ, ಮಾಸ್ತರ? ಪತಂಗ ಬೇಕಾದ್ರ ಸಂಕ್ರಾಂತಿಗೆ ಬರ್ರಿ, ದಾರಾ ಸಮೇತ ಕೊಡಸ್ತೀನಿ, ಗಾಳ್ಯಾಗ ಹಾರಸ್ರಿ!"

ನಗು ಮುಗಿಯುವ ಮೊದಲೇ ಕರೆಂಟು ಹೋಯಿತು. ಮಗ್ಗಗಳ ಖಟಾಖಟಾ ನಿಂತಿತು. ಊರೆಲ್ಲ ಕಾಡಿಗೆ ಡಬ್ಬಿ; ಬೆಳಕೆಂದರೆ ಭೂಪಾಲನ ಗ್ಯಾಸಬತ್ತಿಯೊಂದೇ. 'ಇವತ್ತು ಬರದೆ ಎಲ್ಲಿ ಹೋಗ್ತಾವು!' ಎಂದುಕೊಂಡ.

ಬಂದರು. ಇಸ್ಪೀಟು ಹಿಡಿದು ಮಗ್ಗದವರು ಬಂದರು, ಮೊರದಲ್ಲಿ ಅಕ್ಕಿ ಹಿಡಿದು ಹೆಂಗಸರು ಬಂದರು. ಬಿಳಿ ಧೋತರ ಕಂಡ ಕಾಕಾಸಾಹೇಬ ಖುರ್ಚಿಯನ್ನೇ ತಂದ. "ಯಾವ ಪಿಕ್ಚರ್ ರೀ ಮಾಸ್ತರ?"

"ಲೌಕರ ಚಾಲೂ ಕರಾ! ಲಗೂನ ಸುರು ಮಾಡ್ರಿ!" ಹಿಂದಿನಿಂದ ಸೀಟಿ.

ಬಂದ ಜನ ಸರ್ ಅವರನ್ನು ಮುಂದಿನ ಸಾಲಿನಲ್ಲಿ ಒತ್ತಿ ಕೂರಿಸಿ, ಕೈಗೆ ಚಹಾ ಕೊಟ್ಟರು. ಜೈನರ ನೇಮದಂತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದ್ದ ಪಕ್ಕದ ಮನೆಯ ರಾಜಮತಿ ಕಾಕೂ, ಜಪಮಾಲೆ ಹಿಡಿದು ಬತ್ತಿಯ ಹತ್ತಿರವೇ ಕೂತಳು. ಒಂದು ಜೀವಕ್ಕೂ ಅಪಾಯವಾಗದಂತೆ ನೋಡಿಕೊಳ್ಳುತ್ತೇನೆಂದು ಭೂಪಾಲ ಅವಳಿಗೆ ಮಾತು ಕೊಟ್ಟಿದ್ದ.

ಆಗ ಅದು ಬಂತು. ಹಸಿರು ರೆಕ್ಕೆ, ಅಂಚಿಗೆ ಕುಂಕುಮದ ಗೆರೆ. ಇಡೀ ವರ್ಷದಲ್ಲಿ ಕಾಣದ್ದು!

"ಸರ್! ಸರ್!"

ಸರ್ ಚಹಾದ ಹಬೆಗೆ ಮಸುಕಾದ ಕನ್ನಡಕ ಒರೆಸುತ್ತಿದ್ದರು.

"ಅಯ್ಯ ನನ್ನಪ್ಪಾ, ಸುಟ್ಟಗೊಂಡಗಿಂಡೀ!" ಕಾಕೂ ಎದ್ದವಳೇ ಅದನ್ನು ಸೆರಗಿನಲ್ಲಿ ಹಿಡಿದು ಕತ್ತಲೆಗೆ ಝಾಡಿಸಿಬಿಟ್ಟಳು. "ನಿನ್ನ ಪಾಪ ತಪ್ಪಿಸೀನಿ ನೋಡೋ ಭೂಪಾಲ."

"ಕಾಕೂ, ಅದು ನನ್ನ ಪಿಎಚ್.ಡಿ. ರೀ!"

"ಏನರೆ ಇರಲಿ, ಜೀವ ಅಲ್ಲೇನೋ?"

ಅಷ್ಟರಲ್ಲಿ ಕರೆಂಟು ಬಂತು. ಹಸಿರು ಪತಂಗ ಶೆಡ್ಡಿನ ಬಾಗಿಲ ಟ್ಯೂಬಲೈಟಿಗೆ ನೆಟ್ಟಗೆ ಹಾರಿತು. ಭೂಪಾಲ ಸರ್ ಅವರ ಕೈ ಹಿಡಿದೆಳೆದು ಓಡಿದ. ಟ್ಯೂಬಿನ ಪಕ್ಕ ಹಲ್ಲಿಯೊಂದು ಕೂತಿತ್ತು. ಅದರ ಬಾಯಿಂದ ಹಸಿರು ತುದಿ ಒಂದು ಕ್ಷಣ ಇಣುಕಿ ಒಳಗೆ ಹೋಯಿತು.

ಸರ್ ಕನ್ನಡಕ ಏರಿಸಿ ಆ ದಪ್ಪ ಹಲ್ಲಿಯನ್ನು ಬಹಳ ಹೊತ್ತು ನೋಡಿದರು.

"ಎಂಬತ್ತೂ ಇದರ ಹೊಟ್ಯಾಗ ಅದಾವ ಅಂತೀ ಏನು? ಹಂಗಾರ ನಾ ಇದಕ್ಕ ಗೈಡ್ ಆಗ್ತೇನಿ." ಎಂದವರೇ ಬಸ್ಸಿನ ದಾರಿ ಹಿಡಿದರು.

ಭೂಪಾಲ ಒಬ್ಬನೇ ತಿರುಗಿ ಬಂದ. ಜನ ಚದುರಿದ್ದರು. ಖಾಲಿ ಧೋತರದ ನಟ್ಟನಡುವೆ ಒಣಹುಲ್ಲಿನ ಬಣ್ಣದ ಅದೇ ಅಳಿಯ ಬಂದು ಕೂತಿದ್ದ.