ಉಕ್ಕಿನ ಪಾಕ ನೋಡಿದ್ದು

ಬೇಡಕಿಹಾಳದ ಸುತ್ತಮುತ್ತ ಬೆಲ್ಲದ ಪಾಕ ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಅಂದರೆ ನಾನು. ಕುದಿಯುವ ಕಬ್ಬಿನ ರಸದ ಹನಿಯೊಂದನ್ನು ತಣ್ಣೀರಿಗೆ ಬಿಟ್ಟು, ಅದು ಗೋಲಿಯಾಯಿತೋ ಇಲ್ಲವೋ ನೋಡಿದರೆ ಮುಗಿಯಿತು. ಇಷ್ಟು ಬಲ್ಲವನಿಗೆ ಉಕ್ಕು ಯಾವ ಮಹಾ? ಎಂಬತ್ತರ ದಶಕದ ಕೊನೆಯಲ್ಲಿ ಹಳೆಯ ಪುಸ್ತಕವೊಂದರಲ್ಲಿ ಕುಲುಮೆಯ ಚಿತ್ರ ಕಂಡದ್ದೇ ತಡ, ಉಕ್ಕು ಕರಗಿಸುವ ಹವ್ಯಾಸವನ್ನು ವಿಧ್ಯುಕ್ತವಾಗಿ ಕೈಗೊಂಡೆ.

ಕುಲುಮೆ ಕಟ್ಟಿದ್ದು ಹೊಲದ ಮನೆಯ ಹಿಂದೆ. ಬದುವಿನ ಆಚೆ ಅಣ್ಣಾಸಾಹೇಬರ ಕಬ್ಬು, ಒಣಗಿದ ಗರಿಗಳ ರವದಿ ಹೊದ್ದು, ಕಡಿಯಲು ಸಿದ್ಧವಾಗಿ ನಿಂತಿತ್ತು. ಒಂದು ಕಿಡಿ ಬಿದ್ದರೆ ಅವರ ವರ್ಷದ ಅನ್ನ ಬೂದಿ.

"ಗಾಳಿ ಆ ಕಡೇನ ಬೀಸಾಕತ್ತೈತ್ರಿ. ಇವತ್ತ ಬ್ಯಾಡ," ಎಂದಳು ಹೆಂಡತಿ ಶಾಂತವ್ವ.

"ಶಾಸ್ತ್ರ ಗೊತ್ತಿಲ್ಲದಾಕಿ ನಡುವ ಬಾಯಿ ಹಾಕಬ್ಯಾಡ," ಎಂದೆ.

ತಿದಿ ಒತ್ತಿ ಒತ್ತಿ, ಮಧ್ಯಾಹ್ನಕ್ಕೆ ಮಣ್ಣಿನ ಮೂಸೆಯೊಳಗಿನ ಮುರುಕು ಕುಡಗೋಲುಗಳು ನೀರಾದವು. ಆ ಬಿಳಿ ಬೆಳಕು ಕಂಡು ಅಂಜಿ ಎರಡು ಹೆಜ್ಜೆ ಹಿಂದೆ ಸರಿದೆ. ನಿಲ್ಲಿಸೋಣವೆಂದರೆ, ಪುಸ್ತಕದಲ್ಲಿ ನಿಲ್ಲಿಸುವ ವಿಧಾನವಿದ್ದ ಹಾಳೆಯನ್ನು ಗೆದ್ದಲು ತಿಂದಿತ್ತು. ಅಂಜಿದವನ ಕೈ ರೂಢಿಯ ಕೆಲಸವನ್ನೇ ಮಾಡುತ್ತದೆ. ಉದ್ದ ಸೌಟಿನಲ್ಲಿ ಒಂದಿಷ್ಟು ಉಕ್ಕು ಎತ್ತಿ, ಪಾಕ ನೋಡಲು ತಣ್ಣೀರಿನ ಕೊಡಕ್ಕೆ ಬಿಟ್ಟೆ.

ಕೊಡ ಉಳಿಯಲಿಲ್ಲ!

ಸಿಡಿಲು ಬಡಿದಂಥ ಸಪ್ಪಳ. ಕೆಂಡದ ಹನಿಗಳು ಬದು ದಾಟಿದವು, ರವದಿ ಹೊತ್ತಿಕೊಂಡಿತು. ನನ್ನ ಬುದ್ಧಿ "ನೀರು ತಾ" ಎಂದಿತು. ಕಾಲುಗಳು ಆಗಲೇ ಬೇರೆ ನಿರ್ಣಯ ಕೈಗೊಂಡಿದ್ದವು. ಬಾವಿಯ ಕಟ್ಟೆಯ ಹಿಂದೆ ಕುಕ್ಕರಿಸಿ, "ಅಣ್ಣಾಸಾಹೇಬರ ಕಬ್ಬು ಉಳಿಸಪ್ಪಾ" ಎಂದು ದೇವರಿಗೆ ಕೈಮುಗಿದೆ. ಅಂಥ ಅಂಜಿಕೆ ಮತ್ತೆಂದೂ ಆಗಿಲ್ಲ.

ತಲೆ ಎತ್ತಿದಾಗ ಹೊಗೆ ಮಾತ್ರ ಉಳಿದಿತ್ತು. ಒಗೆಯಲು ನೆನೆಹಾಕಿದ್ದ ಕೌದಿಯನ್ನು ಎಳೆದು ತಂದು ಶಾಂತವ್ವ ಬೆಂಕಿಯನ್ನು ಬಡಿದು ಆರಿಸಿದ್ದಳು. ಹೋದದ್ದು ಎರಡು ಸಾಲಿನ ರವದಿ ಅಷ್ಟೇ. ನಾನು ಧೈರ್ಯ ತಂದುಕೊಂಡು ಅವಳ ಪಕ್ಕ ಹೋಗಿ ನಿಂತೆ. ಅಷ್ಟರಲ್ಲಿ ಸಪ್ಪಳ ಕೇಳಿದ ಅಣ್ಣಾಸಾಹೇಬರು ಬಾವಿಯ ದಾರಿಯಿಂದ ಏದುಸಿರು ಬಿಡುತ್ತ ಬಂದರು.

"ಯಾರ ಆರಿಸಿದ್ರವ್ವಾ?"

ಶಾಂತವ್ವನ ಸೆರಗು ಸುಟ್ಟಿತ್ತು, ಮುಖವೆಲ್ಲ ಮಸಿ. "ನಮ್ಮ ಮನಿಯವರ ಆರಿಸಿದ್ರಿ," ಎಂದಳು.

ನಾನು ಎದೆ ಸ್ವಲ್ಪ ಉಬ್ಬಿಸಿದೆ. ಅಣ್ಣಾಸಾಹೇಬರು ದಾರಿಯಲ್ಲಿ ಸಿಕ್ಕ ನನ್ನ ಎಡಗಾಲಿನ ಚಪ್ಪಲಿಯನ್ನು ತಂದು ನನ್ನ ಮುಂದೆ ಇಟ್ಟರು.

"ಉಪಕಾರ ಆತ್ರಿ," ಎಂದರು. "ಮುಂದಿನ ಸಲ ಬೆಂಕಿ ಆರಸಾಕ ಬಾವಿ ಕಡೆ ಓಡುವಾಗ, ಎರಡೂ ಗಟ್ಟಿ ಮೆಟ್ಟಿಕೊಂಡ ಓಡ್ರಿ."