ಮುಸ್ಸಂಜೆಯಲ್ಲಿ ಬಡತನ ಅಳೆದದ್ದು

ಬಡತನ ಅಳೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಈಗ ಮೊದಲು ಗಡಿಯಾರ ನೋಡುತ್ತೇನೆ. ಹಿಂದೆ ಹೀಗಿರಲಿಲ್ಲ. ಬೆಳ್ಳೂರು ಕ್ರಾಸಿನ ಹೋಟೆಲಿನ ಟಿ.ವಿ.ಯಲ್ಲಿ ಎರಡು ಪಕ್ಷದವರು ಇದೇ ವಿಷಯಕ್ಕೆ ಕಿತ್ತಾಡುತ್ತಿದ್ದರು. ಅಪ್ಪನ ಆದಾಯ ನೋಡಿ ಬಡ ಮಗುವೋ ಅಲ್ಲವೋ ಹೇಳಬೇಕೆಂದು ಒಬ್ಬರು, ಮಗುವಿನ ತಟ್ಟೆ ನೋಡಿ ಹೇಳಬೇಕೆಂದು ಇನ್ನೊಬ್ಬರು. ನಾನು ದೋಸೆ ತಿನ್ನುತ್ತಾ ತಟ್ಟೆಯವರ ಪರ ವಾದಿಸುತ್ತಿದ್ದೆ. ಕೊನೆಗೆ ತಟ್ಟೆಯೇ ಗೆದ್ದಿತು. ಅದನ್ನು ಮನೆಮನೆಗೂ ಹೋಗಿ ಇಣುಕಿ ನೋಡುವ ಕೆಲಸ ಮೇಷ್ಟ್ರುಗಳ ತಲೆಗೆ ಬಂತು. ನಾನು ಮೇಷ್ಟ್ರು.

ಹಗಲು ಹೋದರೆ ಊರಲ್ಲಿ ಬೀಗಗಳನ್ನಷ್ಟೇ ಮಾತಾಡಿಸಬಹುದು, ಎಲ್ಲರೂ ಕೂಲಿಗೆ ಹೋಗಿರುತ್ತಾರೆ. ಹಾಗಾಗಿ ಮುಸ್ಸಂಜೆಗೆ ಹೋದೆ. ಕರೆಂಟು ಹೋಗಿತ್ತು. ಮೊದಲ ಮನೆಯಲ್ಲಿ "ಅಕ್ಕಿ ಇದೆಯಾ?" ಎಂದೆ. "ತುಂಬೈತೆ." ಬೇಳೆ? "ತುಂಬೈತೆ." ಪಕ್ಕದ ಮನೆಯಲ್ಲೂ ಅದೇ ಮಾತು, ಅದೇ ತಗ್ಗಿದ ದನಿ. ಮುಖಗಳು ಕಾಣುತ್ತಿರಲಿಲ್ಲ, ಆಗಷ್ಟೇ ಹಚ್ಚಿದ ದೀಪ ಮಾತ್ರ ಕಾಣುತ್ತಿತ್ತು. ಬೀದಿಯುದ್ದಕ್ಕೂ ಕತ್ತಲೆಯೊಳಗಿಂದ ತುಂಬೈತೆ, ತುಂಬೈತೆ ಎನ್ನುವುದನ್ನು ಕೇಳಿ ಕೇಳಿ ನನಗೆ ಮೈ ಜುಮ್ಮೆಂದಿತು. ಆದರೂ ಸರ್ವೆಗೆಂದು ಕೊಟ್ಟಿದ್ದ ಟ್ಯಾಬಿನಲ್ಲಿ "ಇದೆ" ಎಂದು ಒತ್ತುತ್ತಲೇ ಹೋದೆ.

ಕೊನೆಯ ಮನೆ ಕೆಂಪಮ್ಮಜ್ಜಿಯದು. ಅವಳ ಮೊಮ್ಮಗಳು ರಂಜಿತ ನನ್ನ ಕ್ಲಾಸಿನವಳೇ, ಅಪ್ಪ ಅಮ್ಮ ಇಲ್ಲದ ಹುಡುಗಿ. ಭಾನುವಾರ ಬಿಸಿಯೂಟ ಏಕಿಲ್ಲ ಎಂದು ಕೇಳುವವಳು. ಈ ಸರ್ವೆಯಲ್ಲಿ ಬಡವಳೆಂದು ಬಂದರೆ ಮಾತ್ರ ಅವಳಿಗೆ ನಾಗಮಂಗಲದ ಹಾಸ್ಟೆಲಿನಲ್ಲಿ ಸೀಟು. "ಅಕ್ಕಿ?" ಎಂದೆ. "ತುಂಬೈತೆ ಮೇಷ್ಟ್ರೇ" ಎಂದಳು ಅಜ್ಜಿ. ಒಳಗೆ ಹುಡುಗಿಯ ಕಾಲು ತಾಗಿ ಡಬ್ಬವೊಂದು ಉರುಳಿತು. ಡಣಡಣ ಎಂದು ಗೋಡೆಯವರೆಗೂ ಉರುಳಿತು, ಒಂದು ಕಾಳೂ ಚೆಲ್ಲಿದ ಸದ್ದಿಲ್ಲ. ಟ್ಯಾಬಿನಲ್ಲಿ "ಈ ಊರಿನಲ್ಲಿ ಬಡ ಮಕ್ಕಳಿಲ್ಲ" ಎಂದು ಹಸಿರು ಅಕ್ಷರ ಮೂಡಿತು. ಸೂರಿನಲ್ಲಿ ಹಲ್ಲಿ ಲೊಚಗುಟ್ಟಿತು.

ಬೆಳಿಗ್ಗೆ ಅಜ್ಜಿ ಸ್ಕೂಲಿನ ಗೇಟಿಗೇ ಬಂದಳು. "ಅಲ್ಲ ಮೇಷ್ಟ್ರೇ, ದೀಪ ಅಚ್ಚೋ ಒತ್ನಲ್ಲಿ ಬಂದು ಐತಾ ಐತಾ ಅಂದ್ರೆ ಇಲ್ಲ ಅನ್ನಕಾಯ್ತದಾ? ಮ್ಯಾಲಿರೋ ದೇವತೆಗಳು ಅಸ್ತು ಅಂದ್ಬುಟ್ರೆ ಇರೋ ಒಂದಿಡಿ ಇಟ್ಟೂ ಓಯ್ತದೆ. ಈಗ ಕೇಳಿ. ಮನೇಲಿ ಏನೂ ಇಲ್ಲ."

ನಮ್ಮ ಮನೆಯಲ್ಲೂ ಇರುವ ಪದ್ಧತಿಯೇ. ನನ್ನ ಹೆಂಡತಿ ಆ ಹೊತ್ತಿನಲ್ಲಿ ಉಪ್ಪು ಮುಗಿದರೂ ತುಂಬಿದೆ ಎನ್ನುವವಳು. ನಾನು ವಿಚಾರವಾದಿ, ಅದಕ್ಕೆಲ್ಲ ನಗುತ್ತಿದ್ದೆ, ನಗುತ್ತಲೇ ಮರೆತೂ ಬಿಟ್ಟಿದ್ದೆ. ಈಗ ಟ್ಯಾಬು ತಿದ್ದಲು ಬಿಡಲಿಲ್ಲ. ಸರ್ವೆ ನೋಡಿಕೊಳ್ಳುವ ಸಾಹೇಬರಿಗೆ ಫೋನು ಮಾಡಿ ರಂಜಿತಳ ವಿಷಯ ಹೇಳಿದರೆ "ಮೀಟಿಂಗಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದರು.

ಅವರು ಮಾಡಿದ್ದು ಸಂಜೆ, ಹೆಂಡತಿ ಕಡ್ಡಿ ಗೀರಿ ದೀಪಕ್ಕೆ ಹಿಡಿದ ಗಳಿಗೆಯಲ್ಲೇ. "ಬೇಗ ಹೇಳ್ರೀ, ಈಗ ಕ್ಲೋಸ್ ಮಾಡ್ತಾ ಇದ್ದೀವಿ. ಆ ಹುಡುಗಿ ಮನೇಲಿ ಅಕ್ಕಿ ಇದೆಯೋ ಇಲ್ಲವೋ?" ಹೆಂಡತಿ ಕಣ್ಣರಳಿಸಿ ಬೇಡ ಎಂದು ತಲೆಯಾಡಿಸಿದಳು. ವಿಚಾರವಾದಿಯಾದ ನಾನೂ ಒಮ್ಮೆ ಸೂರಿನತ್ತ ನೋಡಿದೆ. ಆ ಉರುಳಿದ ಡಬ್ಬದ ಸದ್ದು ಕಿವಿಯಲ್ಲೇ ಇತ್ತು. "ಇಲ್ಲ ಸಾರ್" ಎಂದೆ. "ಜೋರಾಗಿ ಹೇಳ್ರೀ, ಕೇಳಿಸ್ತಿಲ್ಲ." "ಇಲ್ಲ ಸಾರ್! ಅಕ್ಕಿ ಇಲ್ಲ, ಬೇಳೆ ಇಲ್ಲ, ಏನೂ ಇಲ್ಲ!" ದೀಪ ಒಮ್ಮೆ ಅಲುಗಿತು. ನಮ್ಮ ಗೋಡೆಯ ಹಲ್ಲಿ ಲೊಚಗುಟ್ಟಿತು.

ರಂಜಿತ ಈಗ ಹಾಸ್ಟೆಲಿನಲ್ಲಿದ್ದಾಳೆ, ಕೆನ್ನೆ ತುಂಬಿಕೊಂಡಿದೆಯಂತೆ. ನನಗೆ ನಿಜಕ್ಕೂ ಸಂತೋಷ. ನಾನು ಈಗಲೂ ವಿಚಾರವಾದಿಯೇ. ಆದರೂ ದಿನವೂ ಸಂಜೆ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆಯುತ್ತೇನೆ. ನಿನ್ನೆ ಯಾಕೋ ಒಳಗೆ ಕೈ ಹಾಕಲು ಧೈರ್ಯ ಬರಲಿಲ್ಲ. ದೀಪ ಹಚ್ಚುತ್ತಿದ್ದ ಹೆಂಡತಿಯನ್ನೇ, "ಅಕ್ಕಿ ಇದೆ ತಾನೇ?" ಎಂದು ಕೇಳಿದೆ.

"ತುಂಬೈತೆ ಕಣ್ರೀ" ಎಂದಳು.